ರೆಕಾರ್ಡಿನ ಬೆನ್ನಿಗೆ ಆರು ಹೆಸರು

ಅಕ್ಕಿ ಎಲ್ಲಿ ಕೊಳ್ಳಬೇಕು, ಹಲ್ಲು ಯಾರ ಹತ್ತಿರ ಕೀಳಿಸಬೇಕು, ಇಲ್ಲಿಯ ಮಳೆಗೆ ಯಾವ ಕೋಟು ತಡೆಯುತ್ತದೆ ಎಂದು ಐರ್ಲೆಂಡಿನ ಗಾಲ್ವೇ ಊರಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಮ್ಮೆ ಕೇಳಿ ನೋಡಿ. ಪ್ರಶ್ನೆಯ ಕೊನೆಯ ಅಕ್ಷರ ಒತ್ತುವುದರೊಳಗೆ ಉತ್ತರಗಳು ಬಂದು ಬಿದ್ದಿರುತ್ತವೆ, ಕೇಳದ ಪ್ರಶ್ನೆಗಳದ್ದೂ ಸೇರಿ. ಅದೇ ಗುಂಪಿನಲ್ಲಿ ಈ ವಾರ ಕೇಳಲು ಒಳ್ಳೆಯ ರೆಕಾರ್ಡು ಯಾವುದು ಎಂದರೆ ಮಾತ್ರ ಮೌನ. ಹೆಚ್ಚೆಂದರೆ ಕೈಮುಗಿದ ಒಂದು ಪುಟ್ಟ ಚಿತ್ರ. ಇದಕ್ಕೆ ಕಾರಣವನ್ನು ನಾನು ಬಹುಕಾಲ ಯೋಚಿಸಿದ್ದೇನೆ. ಇಂಥ ಅಕ್ಕಿ ಚೆನ್ನ ಎಂದರೆ ಅದು ಅಕ್ಕಿಯ ಗುಣ. ಇಂಥ ಹಾಡು ಚೆನ್ನ ಎಂದರೆ ಅದು ಹೇಳಿದವನ ಗುಣ. ತನ್ನ ಗುಣವನ್ನು ಹತ್ತು ಜನರ ಮುಂದೆ ಹರವಲು ಯಾರಿಗೆ ತಾನೇ ಧೈರ್ಯ?

ನನಗಿತ್ತು. ಒಂಬತ್ತು ವರ್ಷ ನಾನು ಈ ಊರಿನ ಕಾಲುವೆಯ ಬಳಿಯ ಸಣ್ಣ ರೆಕಾರ್ಡಿನಂಗಡಿಯಲ್ಲಿ ನೇಮಕಾತಿ ಪತ್ರವಿಲ್ಲದ ಶಿಫಾರಸುದಾರನಾಗಿದ್ದೆ. ಈ ದೇಶಕ್ಕೆ ನಾನು ಬಂದದ್ದು 'ನರ್ಸ್ ಸುಮತಿಯ ಗಂಡ' ಎಂಬ ಏಕೈಕ ಪದವಿಯೊಂದಿಗೆ. ಏಳನೆಯ ಕ್ಲಾಸಿಗೆ ಶಾಲೆಯ ಋಣ ಹರಿದುಕೊಂಡು, ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಮಣ್ಣು ತುಳಿದು, ಆಮೇಲೆ ಯಂತ್ರ ರಿಪೇರಿಯನ್ನು ನೋಡಿ ನೋಡಿಯೇ ಕಲಿತವನು ನಾನು. ಈಗ ಊರಂಚಿನ ಪಾರ್ಕ್‌ಮೋರಿನ ವೈದ್ಯಕೀಯ ಉಪಕರಣಗಳ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಮೈಕೈ ನೋವನ್ನು ನೋಡಿಕೊಳ್ಳುತ್ತೇನೆ. ಡಿಗ್ರಿ ಪಡೆದವರು ಮೂರು ದಿನ ಮೀಟಿಂಗು ಮಾಡಿ ಬಿಟ್ಟುಕೊಟ್ಟ ಯಂತ್ರವನ್ನು ಕಿವಿಗೊಟ್ಟು ಕೇಳಿ ಸರಿಮಾಡಿದ್ದೇನೆ ಎಂದು ಹೇಳಿಕೊಂಡರೆ ಅದನ್ನು ಜಂಬವೆಂದು ದಯವಿಟ್ಟು ತಿಳಿಯಬಾರದು, ತಿಳಿದರೂ ತಪ್ಪಿಲ್ಲ.

ಆ ಅಂಗಡಿಯ ಯಜಮಾನ ಡೋನಲ್. ಮಳೆಗೆ ಹೆದರಿ ಒಳಹೊಕ್ಕ ನನ್ನನ್ನು ಏನು ಬೇಕೆಂದು ಕೇಳದೆ ಕುರ್ಚಿ ತೋರಿಸಿದ ಸಜ್ಜನ. ಅವನಲ್ಲಿ ಸಿಗುತ್ತಿದ್ದುದು ದೊಡ್ಡ ಕಂಪೆನಿಗಳ ಸರಕಲ್ಲ. ಎಲ್ಲೆಲ್ಲಿಯೋ ಇಬ್ಬರು ಮೂವರು ಸೇರಿ, ಮನೆಯ ಹಿಂಭಾಗದಲ್ಲಿ ಕೂತು, ಲೋಕ ಕೇಳದಿದ್ದರೂ ಸರಿ ಎಂದು ಹೊರತಂದ ರೆಕಾರ್ಡುಗಳು, ಮತ್ತು ನಲವತ್ತು ವರ್ಷ ಯಾರದೋ ಅಟ್ಟದಲ್ಲಿ ಧೂಳು ಕುಡಿದು ಈಗ ಮರುಮುದ್ರಣದ ಪುನರ್ಜನ್ಮ ಪಡೆದವು. ಆಫ್ರಿಕದ ಗಣಿ ಕೆಲಸಗಾರರು ತಂತಿ ಬಿಗಿದುಕೊಂಡು ಬಾರಿಸಿದ ಗಿಟಾರು, ಟರ್ಕಿಯ ಮದುವೆಮನೆಯ ಆರ್ಗನ್ನು, ಜಪಾನಿನ ಗೃಹಿಣಿಯೊಬ್ಬಳು ಅಡುಗೆಮನೆಯಲ್ಲೇ ನುಡಿಸಿದ ಕೊಳಲು. ಅದರ ನಡುವೆ ಎಲ್ಲೋ ಕುಕ್ಕರಿನ ಹಾಗೆ ಒಂದು ಸೀಟಿ ಕೇಳಿ ನನಗೆ ಕಣ್ಣು ತುಂಬಿತ್ತು. ಪ್ರತಿ ಶನಿವಾರ ನಾನು ಕೌಂಟರಿನ ಪಕ್ಕ ನಿಂತು, ಬಂದವರ ಮುಖ ನೋಡಿ, ನಿನಗೆ ಇದು, ನಿನಗೆ ಅದು ಎಂದು ತೆಗೆದು ಕೊಡುತ್ತಿದ್ದೆ. ಬಾಯಿಮಾತಿನ ಇಂಗ್ಲಿಷಿಗೆ ನಾನು ಯಾರಿಗೂ ಕಡಿಮೆಯಿಲ್ಲ. ಭಾರತದಿಂದ ಬಂದವರೆಲ್ಲ ಎಂಜಿನಿಯರುಗಳೇ ಎಂದು ನಂಬಿದ್ದ ಡೋನಲ್ ನನ್ನನ್ನೂ ಹಾಗೆಯೇ ತಿಳಿದಿದ್ದ; ನಾನು ತಿದ್ದಲಿಲ್ಲ. ನೋಡಿ, ನನ್ನ ಕಥೆಯ ತಪ್ಪು ಶುರುವಾಗುವುದು ಇಲ್ಲಿಂದಲೇ.

ಆಮೇಲೆ ಮಹಾಮಾರಿ ಬಂತು. ಮನೆಯಿಂದ ಐದು ಕಿಲೋಮೀಟರಿನಾಚೆ ಹೋಗಬಾರದು ಎಂದು ಸರಕಾರ ಗೆರೆ ಎಳೆಯಿತು, ಅಂಗಡಿ ಮುಚ್ಚಿತು, ಮೂಗುಬಾಯಿಗೆ ಬಟ್ಟೆ ಬಿತ್ತು. ಸುಮತಿ ಆಸ್ಪತ್ರೆಯಿಂದ ಬಂದು ನೇರ ಬಚ್ಚಲಿಗೆ ಹೋಗುತ್ತಿದ್ದಳು. ನಾನು ಕಾರ್ಖಾನೆಗೆ ಹೋಗಿಬರುತ್ತಿದ್ದೆ. ಮಗಳು ಅನು ಮಹಡಿಯಲ್ಲಿ ಕಂಪ್ಯೂಟರಿನೆದುರು ಶಾಲೆ ಕಲಿಯುತ್ತಿದ್ದಳು. ಬಾಯಿಯಿಂದ ಬದುಕುತ್ತಿದ್ದ ನನ್ನ ಶಿಫಾರಸು ಕೆಲಸ ನಿರುದ್ಯೋಗಿಯಾಯಿತು. ಡೋನಲ್ ಮಾತ್ರ ಪ್ರತಿ ಶುಕ್ರವಾರ ಗಿರಾಕಿಗಳಿಗೆ ಒಂದು ಪತ್ರ ಕಳಿಸತೊಡಗಿದ: ಈ ವಾರದ ಹೊಸತು, ಮರುಮುದ್ರಣವಾದದ್ದು, ಒಂದೊಂದಕ್ಕೂ ಹತ್ತು ಸಾಲು. ಬೇಕೆಂದವರ ಮನೆಬಾಗಿಲಿಗೆ ತಾನೇ ಸೈಕಲ್ಲಿನಲ್ಲಿ ತಲುಪಿಸುತ್ತಿದ್ದ.

ಚಳಿಗಾಲದ ಒಂದು ಶನಿವಾರ ಅವನು ನಮ್ಮ ಮೆಟ್ಟಿಲ ಮೇಲೆ ಒಂದು ರೆಕಾರ್ಡು ಇಟ್ಟು, ಆರು ಹೆಜ್ಜೆ ಹಿಂದೆ ಸರಿದು ನಿಂತು, ಇದು ನಿಮ್ಮ ಕಡೆಯದಲ್ಲವೇ ಎಂದ. ಯುರೋಪಿನ ಯಾವುದೋ ಪುಟ್ಟ ಸಂಸ್ಥೆ ಹೊರತಂದ ಮರುಮುದ್ರಣ. ಹೊದಿಕೆಯ ಮೇಲೆ ಶಿಲುಬೆ ಹೊತ್ತ ಇಗರ್ಜಿಯೆದುರು ನಿಂತ ಆರು ಜನ ಬ್ಯಾಂಡಿನವರ ಮಸುಕು ಫೋಟೋ. ಬೆನ್ನಿನ ಮೇಲೆ ಇಂಗ್ಲಿಷಿನಲ್ಲಿ: ದಕ್ಷಿಣ ಭಾರತದ ಪಶ್ಚಿಮ ಕರಾವಳಿಯ ಮದುವೆ ಬ್ಯಾಂಡು, ವಾದಕರ ಹೆಸರು ಗೊತ್ತಿಲ್ಲ.

ಗೊತ್ತಿಲ್ಲವಂತೆ. ಎಡದಿಂದ ಎರಡನೆಯವರು, ಒಂದು ಹೆಗಲು ಮೇಲೆ ಒಂದು ಹೆಗಲು ಕೆಳಗೆ ಮಾಡಿಕೊಂಡು ಕ್ಲಾರಿನೆಟ್ ಹಿಡಿದು ನಿಂತವರು, ನಮ್ಮ ಲಾದ್ರು ಮಾಮ. ಹಂಚಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷವೂ ನನ್ನ ಪಕ್ಕದಲ್ಲೇ ಕೆಲಸ ಮಾಡಿದವರು. ವಾರವಿಡೀ ಮಣ್ಣಿನಲ್ಲಿ, ಮದುವೆಯ ದಿನ ಮಾತ್ರ ಮಿನುಗುವ ಗುಂಡಿಗಳ ಕೋಟಿನಲ್ಲಿ. ಸಂಗೀತವೆಂದರೆ ಕಿವಿಯಲ್ಲ, ಉಸಿರು ಎಂದು ನನಗೆ ಕಲಿಸಿದ್ದು ಅವರು. ಇದನ್ನೆಲ್ಲ ಡೋನಲ್‌ಗೆ ಹೇಳಿದೆ. ಅವನು ಕುಣಿದಾಡಿದ. ಎರಡನೆಯ ಮುದ್ರಣ ಸಿದ್ಧವಾಗುತ್ತಿದೆಯಂತೆ, ತಿಂಗಳ ಕೊನೆಯೊಳಗೆ ಹೆಸರುಗಳನ್ನು ಬರೆದು ಕೊಟ್ಟರೆ ಅಚ್ಚಾಗುತ್ತವೆಯಂತೆ. ಹಾಗೆಯೇ ಶುಕ್ರವಾರದ ಪತ್ರಕ್ಕೂ ನೀನೇ ಹತ್ತು ಸಾಲು ಬರೆ ಎಂದ.

ಲಾದ್ರು ಮಾಮ ಬದುಕಿದ್ದರು, ಎಂಬತ್ತು ದಾಟಿತ್ತು. ಮಗಳು ಐರಿನ್ ಫೋನನ್ನು ಅವರ ಕಿವಿಗೆ ಹಿಡಿದಳು.

"ಎಂತ ಮಾರಾಯ ವಾಸು, ಐರ್ಲೆಂಡಲ್ಲಿ ನಮ್ಮ ಬಾಜಾ ಕೇಳುವವರು ಇದ್ದಾರಾ? ಅಲ್ಲಿ ಅವರವರ ಮದುವೆ ಆಗುವುದಿಲ್ವಾ?"

"ಹೆಸರು ಅಚ್ಚು ಹಾಕ್ತಾರಂತೆ ಮಾಮ. ಆರು ಜನದ್ದೂ ಹೇಳಿ."

ಹೆಸರಾ, ನಮ್ಮ ಹೆಸರಾ ಎಂದು ಎರಡು ಸಲ ಕೇಳಿದರು. ಮದುವೆಮನೆಯಲ್ಲಿ ಅವರನ್ನು 'ಓಯ್ ಬ್ಯಾಂಡ್' ಎಂದು ಕರೆಯುತ್ತಿದ್ದುದನ್ನು ನಾನೂ ಕೇಳಿದ್ದೆ. ಆಮೇಲೆ ಹೇಳಿದರು: ಟ್ರಂಪೆಟ್ಟಿನವರು ಜುವಾಂವ್ ಮತ್ತು ಪಿಯದ್, ಅಣ್ಣತಮ್ಮಂದಿರು, ಸಣ್ಣ ಡ್ರಮ್ಮು ಸೀತಾರಾಮ, ದೊಡ್ಡದು ಇದಿನಬ್ಬ. ನಾಲ್ವರೂ ಈಗಿಲ್ಲ. "ಟ್ರೊಂಬೋನಿನವ ಕುಂದಾಪುರ ಕಡೆಯವ, ಮೀನಿನ ಲಾರಿಯಲ್ಲಿ ಕೂತ್ಕೊಂಡು ಬರ್ತಿದ್ದ. ಒಳ್ಳೆ ಜನ. ಅವನ ಹೆಸರು ನಾಲಿಗೆ ತುದಿಯಲ್ಲುಂಟು, ಹೊರಗೆ ಬರುವುದಿಲ್ಲ. ಇನ್ನೊಂದು ಸಲ ಫೋನ್ ಮಾಡು, ನೆನಪು ಮಾಡಿ ಇಡ್ತೇನೆ. ಅವನನ್ನು ಬಿಟ್ಟು ಮಾತ್ರ ಹಾಕ್ಬೇಡ."

ಮಾಡುತ್ತೇನೆ ಎಂದೆ. ಮಾಡಬೇಕೆಂದೇ ಇದ್ದೆ. ಆದರೆ ಹತ್ತು ಸಾಲು ಬರೆದು ಮುಗಿಸಿ, ಅದನ್ನು ಅವರಿಗೆ ಓದಿ ಹೇಳಿ, ಆಮೇಲೆ ಆ ಒಂದು ಹೆಸರನ್ನು ಕೇಳಿ ಸೇರಿಸೋಣ ಎಂದುಕೊಂಡೆ. ಸಿಹಿಯನ್ನು ಊಟದ ಕೊನೆಗೆ ಎತ್ತಿಡುವವನ ಹಾಗೆ.

ಬರೆಯಲು ಕೂತೆ. ಕನ್ನಡದಲ್ಲಾದರೆ ನಾನು ಯಾರಿಗೂ ಹೆದರುವವನಲ್ಲ. ಶಾಲೆ ಬಿಟ್ಟ ಮೇಲೆ ಗ್ರಂಥಾಲಯವೇ ನನಗೆ ಶಾಲೆಯಾಗಿತ್ತು. ಇಂಗ್ಲಿಷಿನಲ್ಲಿ ಮಾತ್ರ ನನ್ನ ಕೈ ಏಳನೆಯ ಕ್ಲಾಸಿನಲ್ಲೇ ನಿಂತಿದೆ. ಬಾಯಿಯಲ್ಲಿ ಹಾರಾಡುವ ಪದ ಕಾಗದದ ಮೇಲೆ ಇಳಿಯುವಾಗ ಕಾಲು ಮುರಿದುಕೊಳ್ಳುತ್ತದೆ. ಎಂಜಿನಿಯರನೆಂದು ತಿಳಿದ ಡೋನಲ್, ಊರಿನ ಅಷ್ಟೂ ಗಿರಾಕಿಗಳು, ಎಲ್ಲರೂ ಓದುವ ಪತ್ರ. ಅದರಲ್ಲಿ ನನ್ನ ಕುಂಟು ಪದಗಳ ಮೆರವಣಿಗೆಯೇ? ನಿಘಂಟು ತಂದೆ. ಮೊದಲ ಕರಡು ಹರಿದೆ. ಎರಡನೆಯದರಲ್ಲಿ ಲಾದ್ರು ಮಾಮನ ಉಸಿರಿಗೆ ಮೂರು ಉಪಮೆ ಕಟ್ಟಿ, ಒಂದನ್ನೂ ನಂಬದೆ ಹರಿದೆ.

ಅನು ಒಮ್ಮೆ ಕುರ್ಚಿಯ ಹಿಂದೆ ಬಂದು ಇಣುಕಿದಳು. "ಅಪ್ಪಾ, ಗಿವ್ ಇಟ್ ಹಿಯರ್. ಐ ವಿಲ್ ಟೈಪ್ ಇಟ್ ಫಾರ್ ಯು, ಇಟ್ಸ್ ಗ್ರ್ಯಾಂಡ್."

ನಾನು ಕಾಗದವನ್ನು ಅಂಗೈಯಿಂದ ಮುಚ್ಚಿದೆ. ಅಪ್ಪನ ಗಣಿತ, ಅಪ್ಪನ ಸ್ಪ್ಯಾನರು, ಅಪ್ಪನ ಕಿವಿ ಎಲ್ಲವನ್ನೂ ಮೆಚ್ಚಿದ ಮಗಳ ಮುಂದೆ ಅಪ್ಪನ ಕಾಗುಣಿತವನ್ನು ಬಿಚ್ಚಿಡಲು ನನ್ನಿಂದಾಗಲಿಲ್ಲ. "ನಿನ್ನ ಹೋಮ್‌ವರ್ಕ್ ಮುಗೀತಾ?" ಎಂದೆ, ಜಗತ್ತಿನ ಎಲ್ಲ ಸೋತ ಅಪ್ಪಂದಿರ ಹಾಗೆ.

ಸುಮತಿ ಮಾತ್ರ ಬಟ್ಟೆ ಮಡಚುತ್ತ ನೇರವಾಗಿ ಹೇಳಿದಳು: "ಆ ಐದು ಹೆಸರು ಡೋನಲ್‌ಗೆ ಫೋನಲ್ಲೇ ಹೇಳಿ ಬಿಡಿ ಮಾರಾಯ್ರೆ. ಆರನೇದು ಕೇಳಿ ಆಮೇಲೆ ಹೇಳಿ. ನಿಮ್ಮ ಪ್ರಬಂಧಕ್ಕೆ ಅಂತ ಅವರು ಯಾಕೆ ಕಾಯ್ಬೇಕು?"

"ನಿನಗೆ ಗೊತ್ತಾಗುದಿಲ್ಲ," ಎಂದೆ. ಅವಳಿಗೆ ಗೊತ್ತಾದಷ್ಟು ಯಾರಿಗೂ ಗೊತ್ತಾಗಿರಲಿಲ್ಲ. ಬರೀ ಐದು ಹೆಸರು ಹೇಳಿ ಸುಮ್ಮನಾದರೆ ಬರೆಯಲು ಬಾರದವನೆಂದು ತಿಳಿದಾರು ಎಂಬುದು ನನ್ನ ಅಂಜಿಕೆ. ಡೋನಲ್ ಎರಡು ಸಲ ಸಂದೇಶ ಕಳಿಸಿ ಕೇಳಿದ. ಎರಡು ಸಲವೂ ಸಿದ್ಧವಾಗುತ್ತಿದೆ ಎಂದು ಉತ್ತರಿಸಿದೆ. ಅದರ ಎರಡು ಇಂಗ್ಲಿಷ್ ಪದಗಳ ಕಾಗುಣಿತ ನನಗೆ ಬರುತ್ತಿತ್ತು. ತಿಂಗಳು ಕಳೆಯಿತು. ನಾಲ್ಕನೆಯ ಕರಡು ನನಗೇ ಮೆಚ್ಚಿಗೆಯಾದ ದಿನ ಹೆಮ್ಮೆಯಿಂದ ಕಳಿಸಿದೆ. ಡೋನಲ್ ಅದನ್ನು ಸೊಗಸಾಗಿದೆ ಎಂದ, ಶುಕ್ರವಾರದ ಪತ್ರದಲ್ಲಿ ಹಾಕಿದ. ಹೊದಿಕೆ ಮಾತ್ರ ನಾಲ್ಕು ದಿನದ ಹಿಂದೆಯೇ ಅಚ್ಚಿಗೆ ಹೋಯಿತು ಎಂದ. ಬೈಯಲಿಲ್ಲ. ಇಲ್ಲಿಯ ಜನ ಬೈಯಬೇಕಾದಾಗ ಹವಾಮಾನದ ಮಾತಾಡುತ್ತಾರೆ. ಅವನು ಗಾಳಿ ಜೋರಾಗಿದೆ ಎಂದ.

ಆ ಸುದ್ದಿಯನ್ನು ಲಾದ್ರು ಮಾಮನಿಗೆ ಯಾವ ಮುಖ ಹೊತ್ತು ಹೇಳಲಿ ಎಂದು ಇನ್ನೂ ಒಂದಿಷ್ಟು ವಾರ ಫೋನು ಮಾಡಲಿಲ್ಲ. ಅಷ್ಟರಲ್ಲಿ ಅತ್ತ ಮಂಗಳೂರಿನಲ್ಲಿ ಮಹಾಮಾರಿಯ ಎರಡನೆಯ ಅಲೆ ಎದ್ದಿತು. ಫೋನು ಬಂದದ್ದು ಐರಿನ್‌ದು. ಆಸ್ಪತ್ರೆಗೆ ಸೇರಿಸಿದ ಆರನೆಯ ದಿನ ಮಾಮ ತೀರಿಕೊಂಡರಂತೆ. ಇಗರ್ಜಿಯಲ್ಲಿ ನಾಲ್ಕು ಜನರಿಗಿಂತ ಹೆಚ್ಚು ಸೇರಲು ಬಿಡಲಿಲ್ಲವಂತೆ. ಊರಿನ ಸಾವಿರ ಮದುವೆಗೆ ಬಾರಿಸಿದವರನ್ನು ಸದ್ದಿಲ್ಲದೆ ಕಳಿಸಿದರಂತೆ.

ನಾನು ಕೇಳಬಾರದ್ದನ್ನೇ ಕೇಳಿದೆ. ಆ ಟ್ರೊಂಬೋನಿನವರ ಹೆಸರು ಮಾಮ ಏನಾದರೂ ಹೇಳಿದ್ದರೇ ಎಂದು.

"ನೆನಪಾಗಿತ್ತು ವಾಸಣ್ಣ," ಎಂದಳು ಐರಿನ್. "ನೀವು ಮಾತಾಡಿದ ಮರುದಿನವೇ, ಚಾ ಕುಡಿಯುವಾಗ ನೆನಪಾಯ್ತು ಅಂದ್ರು. ನಾನು ಬರ್ಕೊಳ್ತೇನೆ ಅಂದೆ. ಬೇಡ, ವಾಸು ಫೋನ್ ಮಾಡ್ತಾನಲ್ಲ, ಅವನಿಗೇ ಹೇಳ್ತೇನೆ ಅಂದ್ರು. ಫೋನನ್ನು ಹತ್ತಿರವೇ ಇಟ್ಕೊಂಡು ಕೂತಿದ್ರು ಪಾಪ."

ಅವಳು ಆಪಾದನೆಯ ದನಿಯಲ್ಲಿ ಹೇಳಲಿಲ್ಲ. ಹೇಳಿದ್ದರೆ ನನಗೊಂದು ಜಗಳದ ಆಸರೆಯಾದರೂ ಸಿಗುತ್ತಿತ್ತು.

ಶಿಫಾರಸು ಎಂಬುದರ ಬಗ್ಗೆ ನನಗೆ ತಡವಾಗಿ ಹೊಳೆದದ್ದನ್ನು ಇಲ್ಲಿ ಹೇಳಿಬಿಡುತ್ತೇನೆ, ನಿಮಗಾದರೂ ಸಮಯಕ್ಕೆ ಒದಗಲಿ. ಒಂದು ರೆಕಾರ್ಡನ್ನು ಇನ್ನೊಬ್ಬರ ಕೈಗಿಡುವಾಗ ಕೊಡುವವನು ನಡುವೆ ನಿಲ್ಲಬಾರದು, ಪಕ್ಕಕ್ಕೆ ಸರಿಯಬೇಕು. ಶನಿವಾರಗಳಂದು ಕೌಂಟರಿನ ಪಕ್ಕ ನಿಲ್ಲುತ್ತಿದ್ದಾಗ ನನಗಿದು ತಾನಾಗಿಯೇ ಒಲಿದಿತ್ತು. ಕಾಗದ ಕಂಡದ್ದೇ ತಡ, ನಾನು ಅಡ್ಡ ನಿಂತೆ. ಲಾದ್ರು ಮಾಮನ ಆರು ಜನರನ್ನು ಮರೆಮಾಡುವಷ್ಟು ಅಗಲವಾಗಿ ನಿಂತೆ.

ಎರಡನೆಯ ಮುದ್ರಣ ಬಂದದ್ದು ಎಲೆ ಉದುರುವ ಕಾಲಕ್ಕೆ. ಅಂಗಡಿ ಮತ್ತೆ ತೆರೆದಿತ್ತು. ಅನುವನ್ನೂ ಕರೆದುಕೊಂಡು ಹೋಗಿ, ನಾನು ಏಳನೆಯ ಕ್ಲಾಸಿನವನು, ಎಂಜಿನಿಯರನಲ್ಲ ಎಂದು ಡೋನಲ್‌ಗೆ ಹೇಳಿದೆ. ಅವನು ತಾನು ಶಾಲೆ ಬಿಟ್ಟ ವಯಸ್ಸನ್ನು ಹೇಳಿದ. ನನಗಿಂತ ಒಂದೇ ವರ್ಷ ಹೆಚ್ಚು. ಆಮೇಲೆ ತನ್ನಲ್ಲಿಗೆ ಬಂದ ಅಷ್ಟೂ ಪ್ರತಿಗಳನ್ನು ಕೌಂಟರಿನ ಮೇಲೆ ಪೇರಿಸಿ, ಒಂದು ಕಪ್ಪು ಪೆನ್ನು ಕೊಟ್ಟು, ಬೆನ್ನಿನ ಮೇಲೆ ನೀನೇ ಬರೆ ಎಂದ. ಬೇರೆ ದೇಶಗಳಿಗೆ ಹೋದವು ಹೋದವು; ಗಾಲ್ವೇಯಲ್ಲಿ ಮಾರಾಟವಾಗುವವಕ್ಕಾದರೂ ಹೆಸರಿರಲಿ.

ಅಕ್ಷರ ಗೊತ್ತಿಲ್ಲದಲ್ಲಿ ಮಗಳನ್ನು ಕೇಳಿದೆ. ಅವಳು ಒಂದೊಂದೇ ಅಕ್ಷರ ಹೇಳಿದಳು, ನಾನು ಬರೆದೆ. ನಾಚಿಕೆ ನಾನು ತಿಳಿದಷ್ಟು ದೊಡ್ಡದಿರಲಿಲ್ಲ. ಲಾದ್ರು, ಕ್ಲಾರಿನೆಟ್. ಜುವಾಂವ್, ಪಿಯದ್, ಟ್ರಂಪೆಟ್. ಸೀತಾರಾಮ, ಇದಿನಬ್ಬ, ಡ್ರಮ್. ಮುಂದಿನ ಸಾಲಿಗೆ ಟ್ರೊಂಬೋನ್ ಎಂದು ಬರೆದು ಪೆನ್ನು ನಿಲ್ಲಿಸಿದೆ.

"ಹೂ ಈಸ್ ದ ಸಿಕ್ಸ್ತ್ ಒನ್, ಅಪ್ಪಾ?" ಎಂದಳು ಅನು.

ಅವನನ್ನು ಬಿಟ್ಟು ಹಾಕಬೇಡ ಎಂದಿದ್ದರು ಮಾಮ. ಬಿಡಲಿಲ್ಲ. ಅವನ ಸಾಲಿನಲ್ಲಿ, ಯಾರ ಸಹಾಯವೂ ಇಲ್ಲದೆ, ಒಂದಕ್ಷರವೂ ತಪ್ಪದ ಇಂಗ್ಲಿಷಿನಲ್ಲಿ ನಾನೇ ಬರೆದೆ: ಗೊತ್ತಿಲ್ಲ.