ಸೂಜಿ ಬೇಡವೆಂದ ಶಸ್ತ್ರವೈದ್ಯೆ

೨೦೨೪ರ ಮೇ ಮೂವತ್ತೊಂದರಂದು ಹೊಸಪೇಟೆಯಲ್ಲಿ ಸೇವೆಯಿಂದ ನಿವೃತ್ತರಾದ ಡಾ. ಶೈಲಜಾ ಅವರು ನೂರ ಹನ್ನೆರಡು ಮಂದಿಯ ಪಿತ್ತಜನಕಾಂಗದಿಂದ ಹುಳುವಿನ ನೀರ್ಗುಳ್ಳೆಗಳನ್ನು ತೆಗೆದಿದ್ದಾರೆ. ನೂರ ಹನ್ನೊಂದು ಮಂದಿ ನಡೆದು ಮನೆಗೆ ಹೋದರು. ಈ ಶಸ್ತ್ರಕ್ರಿಯೆಯಲ್ಲಿ ಅವರ ಕೈಗೆ ಸಮನಾದ ಕೈ ಈ ಸೀಮೆಯಲ್ಲಿಲ್ಲವೆಂದು ಸಹೋದ್ಯೋಗಿಗಳೆಲ್ಲ ಒಪ್ಪುತ್ತಾರೆ. ಅಭಿನಂದನೆಗೆ ಅಷ್ಟು ಸಾಕು. ಶೈಲಜಾ ಅವರ ಮನಸ್ಸು ಮಾತ್ರ ಉಳಿದ ಒಬ್ಬಳನ್ನು ಬಿಟ್ಟು ಕದಲುವುದಿಲ್ಲ.

ಆಕೆ ಸಂಡೂರಿನ ಕುರಿಗಾರ ಎರ್ರಿಯಪ್ಪನ ಹೆಂಡತಿ ತಾಯಕ್ಕ. ಕುರಿ ಕೊಯ್ದಾಗ ಗುಳ್ಳೆಯೆದ್ದ ಕಲೀಜವನ್ನು, ಅಂದರೆ ಪಿತ್ತಜನಕಾಂಗವನ್ನು, ಹಟ್ಟಿಯ ನಾಯಿಗೆ ಹಾಕುವುದು ಅವರ ವಾಡಿಕೆ. ಆ ಗುಳ್ಳೆ ನಾಯಿಯ ಹೊಟ್ಟೆಯಲ್ಲಿ ಹುಳುವಾಗಿ, ಹುಳುವಿನ ಮೊಟ್ಟೆ ಮೈಗೂದಲಿಗಂಟಿ, ಸವರಿದ ಕೈಯಿಂದ ಅನ್ನಕ್ಕೆ ಸೇರುತ್ತದೆ. ತಾಯಕ್ಕ ಆ ನಾಯಿಯನ್ನು ಮಗುವಿನಂತೆ ಸವರುತ್ತಿದ್ದಳು.

ಪಕ್ಕೆಯ ಕೆಳಗೆ ಊತ ಬಂದು ಸ್ಕ್ಯಾನ್ ಆದ ದಿನವೇ ಶೈಲಜಾ ಎಚ್ಚರಿಸಿದರು: "ಯಾರ ಕೈಲೂ ಸೂಜಿ ಚುಚ್ಚಿಸಿಕೋಬ್ಯಾಡ, ತಾಯಕ್ಕ. ಒಳಗ ಒಡೆದ್ರ ಜೀವಕ್ಕ ಬರ್ತೈತಿ. ಗುಳಿಗಿ ತಗೊಂಡು ಮುಂದಿನ ತಿಂಗಳು ಬಾ, ನಾನ ತೆಗೀತೀನಿ. ಹತ್ತು ದಿನ ಇಲ್ಲೇ ಇರಬೇಕು."

"ಹತ್ತು ದಿನ ಕುರಿ ಯಾರು ಕಾಯ್ತಾರ್ರಿ ಅಮ್ಮಾರ? ನೀವು ಬರ್ತೀರೇನು?"

"ಬರ್ತೀನಿ ತಗಾ. ನಿನ್ನ ಗಂಡನ್ನೂ ಸೇರಿಸಿ ಕಾಯ್ತೀನಿ."

ತಾಯಕ್ಕ ನಕ್ಕು ಹೋದಳು. ಕಂಪ್ಲಿಯ ಕಡೆ ಒಬ್ಬ ವೈದ್ಯ ಸೂಜಿಯಿಂದ ನೀರು ತೆಗೆದು ಸಂಜೆಯೊಳಗೆ ಕಳಿಸುತ್ತಾನೆಂದು ಕೇಳಿ, ಎರ್ರಿಯಪ್ಪ ಆಕೆಯನ್ನು ಅಲ್ಲಿಗೆ ಕರೆದೊಯ್ದ. ಚುಚ್ಚಿದ ಗುಳ್ಳೆಯ ನೀರು ಹೊಟ್ಟೆಯೊಳಗೆ ಸೋರಿತು. ಮೈಯೆಲ್ಲ ದದ್ದೆದ್ದು, ಗಂಟಲು ಕಟ್ಟಿ, ನಾಡಿ ಕೈಗೆ ಸಿಗದ ಸ್ಥಿತಿಯಲ್ಲಿ ಆಕೆಯನ್ನು ಹೊಸಪೇಟೆಗೆ ತಂದರು. ಶೈಲಜಾ ಬಾಗಿಲಲ್ಲೇ ಚುಚ್ಚುಮದ್ದು ಕೊಟ್ಟು ಉಸಿರು ಮರಳಿಸಿ, ಹೊಟ್ಟೆ ತೆರೆದು ತೊಳೆದು ಬದುಕಿಸಿದರು. ಆದರೆ ಚೆಲ್ಲಿದ ನೀರು ಎರಡು ವರ್ಷಗಳಲ್ಲಿ ಹೊಟ್ಟೆಯ ತುಂಬ ಹೊಸ ಗುಳ್ಳೆಗಳನ್ನೆಬ್ಬಿಸಿತು. ಅವುಗಳಲ್ಲೊಂದು ಪಿತ್ತನಾಳದೊಳಕ್ಕೆ ಒಡೆದು ನಂಜೇರಿತು. ಎರಡನೆಯ ಸಲ ಮೇಜಿನ ಮೇಲೆ ಮಲಗಿದ ತಾಯಕ್ಕ ಏಳಲಿಲ್ಲ.

ಎರ್ರಿಯಪ್ಪ ನಾಯಿಯನ್ನು ಕೊಲ್ಲಲು ಹೊರಟ. "ಅದಕ್ಕೇನು ಗೊತ್ತೈತಿ? ನೀ ಹಾಕಿದಿ, ಅದು ತಿಂತು" ಎಂದು ಶೈಲಜಾ ತಡೆದರು, ಪಶುವೈದ್ಯರಿಂದ ಗುಳಿಗೆ ತಂದು, ಸಂಡೂರಿಗೆ ಹೋಗಿ ತಾವೇ ಅದಕ್ಕೆ ನುಂಗಿಸಿದರು. ಹೊಸಪೇಟೆಯ ಮಾಂಸದಂಗಡಿಗಳ ಸಾಲಿನಲ್ಲಿ, ಗುಳ್ಳೆಯ ಕಲೀಜವನ್ನು ಎಸೆಯಲು, ನಾಯಿ ಬಾಯಿ ಹಾಕದಂತೆ ಮುಚ್ಚಳವಿರುವ ಒಂದು ಗುಂಡಿ ತೋಡಿಸಿರೆಂದು ಊರಿನ ಹಿರಿಯರನ್ನು ವರ್ಷವರ್ಷವೂ ಕೇಳಿದರು. ಹಿರಿಯರು ವರ್ಷವರ್ಷವೂ ತಲೆಯಾಡಿಸಿದರು, ಕೊನೆಗೆ ಸನ್ಮಾನಕ್ಕೆ ದಿನ ಗೊತ್ತುಮಾಡಿದರು.

ಡಾ. ಶೈಲಜಾ ಅವರಿಗೆ ದೀರ್ಘಾಯುಷ್ಯವಿರಲಿ. ಅವರ ಕೈಗೆ ಇನ್ನೂ ಕೆಲಸವಿರಲಿ ಎಂಬ ಹಾರೈಕೆಯನ್ನು ಮಾತ್ರ, ಆ ಕೆಲಸ ಎಲ್ಲಿಂದ ಬರುತ್ತದೆಂದು ಬಲ್ಲವರು ಆಡಲಾರರು. ಶಾಲು, ಹಾರ, ಈ ಅಭಿನಂದನ ಗ್ರಂಥ ಸಂದಿವೆ. ಗುಂಡಿ ಬಾಕಿ ಇದೆ.