ಮೂರನೇ ಪೋರ್ಟಿನ ಗುಳ್ಳೆ

2019ರ ಜನವರಿ. ಮದ್ದೂರಿನಲ್ಲಿ ಎಂಜಿನ್ ಹೆಡ್ ಕೆಲಸಕ್ಕೆ ಕೂತು ನನಗೆ ಆಗ ಇಪ್ಪತ್ತಾರು ವರ್ಷವಾಗಿತ್ತು. ಹಳೆಯ ಹೆದ್ದಾರಿಯ ಪಕ್ಕದ ಓಣಿಯಲ್ಲಿ ಒಂದು ಶೆಡ್ಡು. ಅದರಲ್ಲಿ ವಾಲ್ವ್ ಸೀಟ್ ಕತ್ತರಿಸುವ ಯಂತ್ರ, ಹೆಡ್ಡಿನ ತಳ ಮಟ್ಟ ಮಾಡುವ ಗ್ರೈಂಡರ್, ಕೈಯಲ್ಲಿ ಹಿಡಿದು ಕೆಲಸ ಮಾಡುವ ಸಣ್ಣ ಡೈ ಗ್ರೈಂಡರ್. ಹೆಚ್ಚಾಗಿ ಬರುತ್ತಿದ್ದದ್ದು ಟ್ರ್ಯಾಕ್ಟರ್, ಗೂಡ್ಸ್ ಆಟೊ, ಟ್ಯಾಕ್ಸಿಗಳ ಹೆಡ್ಡುಗಳು. ಪೋರ್ಟಿಂಗ್ ಮಾಡಿಕೊಡಿ ಎಂದು ಕೇಳಿಕೊಂಡು ಬರುವವರು ವರ್ಷಕ್ಕೆ ಇಬ್ಬರೋ ಮೂವರೋ.

ಪೋರ್ಟಿಂಗ್ ಎಂದರೇನು ಎಂದು ಹೇಳಿಬಿಡುತ್ತೇನೆ. ಎಂಜಿನ್ನಿನ ಮೇಲ್ಭಾಗದಲ್ಲಿ ಕೂರುವ ಅಲ್ಯುಮಿನಿಯಂ ಎರಕದ ಭಾಗವೇ ಸಿಲಿಂಡರ್ ಹೆಡ್. ಗಾಳಿ ಮತ್ತು ಪೆಟ್ರೋಲ್ ಒಳಗೆ ಹೋಗುವ, ಹೊಗೆ ಹೊರಗೆ ಬರುವ ದಾರಿಗಳು ಅದರೊಳಗೇ ಇರುತ್ತವೆ. ಆ ದಾರಿಗಳಿಗೆ ಪೋರ್ಟ್ ಎನ್ನುತ್ತಾರೆ. ಕಾರ್ಖಾನೆಯಿಂದ ಬರುವಾಗ ಅವು ಒರಟಾಗಿರುತ್ತವೆ, ತಿರುವಿನಲ್ಲಿ ಇಕ್ಕಟ್ಟಾಗಿರುತ್ತವೆ. ಅವನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ ಅಗಲ ಮಾಡಿ, ತಿರುವನ್ನು ನಯ ಮಾಡಿದರೆ ಎಂಜಿನ್ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ, ಹೆಚ್ಚು ಶಕ್ತಿ ಕೊಡುತ್ತದೆ. ಆದರೆ ಪೋರ್ಟಿನ ಗೋಡೆಯ ಆಚೆಗೆ ಎಂಜಿನ್ನನ್ನು ತಂಪಾಗಿಡುವ ನೀರು ಹರಿಯುತ್ತಿರುತ್ತದೆ. ನಡುವೆ ಇರುವುದು ನಾಲ್ಕೈದು ಮಿಲಿಮೀಟರ್ ಲೋಹ ಮಾತ್ರ.

ಆ ತಿಂಗಳ ಒಂದು ಮಧ್ಯಾಹ್ನ ಭಾಗ್ಯ ಎಂಬವರು ಕೊಪ್ಪದಿಂದ ಸ್ಕೂಟರಿನಲ್ಲಿ ಬಂದರು. ಕಾಲಿನ ಬಳಿ ಗೋಣಿಚೀಲದಲ್ಲಿ ಸುತ್ತಿದ ಹೆಡ್ಡು. ಊರಿನ ಹಾಲಿನ ಡೇರಿಯಲ್ಲಿ ಹಾಲಿನ ಜಿಡ್ಡು ಪರೀಕ್ಷೆ ಮಾಡುವುದು ಅವರ ಕೆಲಸ. ಬೆಳಿಗ್ಗೆ, ಸಂಜೆ ಡೇರಿ, ನಡುವೆ ಬಿಡುವು. ಹಿಂದಿನ ವರ್ಷ ತಮ್ಮ ಹಳೆಯ ಕಾರಿನಲ್ಲಿ ಆಟೊಕ್ರಾಸ್ ಓಡಿಸಿ ಮಹಿಳೆಯರ ವಿಭಾಗದಲ್ಲಿ ಆರನೆಯವರಾಗಿದ್ದರು. ಮಣ್ಣಿನ ಬಯಲಿನಲ್ಲಿ ಕಂಬ ನೆಟ್ಟು, ಒಂದೊಂದೇ ಕಾರು ಬಿಟ್ಟು, ಯಾರು ಎಷ್ಟು ಸೆಕೆಂಡಿನಲ್ಲಿ ಸುತ್ತಿ ಬರುತ್ತಾರೆ ಎಂದು ನೋಡುವ ಸ್ಪರ್ಧೆ ಅದು.

"ಇದೊಂದ್ ವರ್ಸ ಅಷ್ಟೇ ಕಣಣ್ಣ," ಎಂದರು. "ಮುಂದಿನ್ ವರ್ಸದಿಂದ ಇಷ್ಟು ಹಳೇ ಕಾರ್ ಬುಡಲ್ವಂತೆ. ನನ್ ಅತ್ರ ಇರದು ಇದೊಂದೇ ಕಾರು."

"ಅಲ್ಲಮ್ಮ, ಮಣ್ಣಲ್ಲಿ ಸುತ್ತಾಕಂಡ್ ಏನ್ ಸಿಗ್ತದೆ?" ಎಂದು ನಾನು ನಗುತ್ತಾ ಕೇಳಿದೆ.

"ಊರೋರ್ ಹಾಲ್ಗೆಲ್ಲ ಮಾರ್ಕ್ಸ್ ಕೊಡೋಳು ನಾನು. ನಂಗೂ ಒಬ್ರು ಮಾರ್ಕ್ಸ್ ಕೊಡ್ಲಿ ಅಂತ."

ಸ್ಪರ್ಧೆಗೆ ಐದು ವಾರವಿತ್ತು. ಆ ಮಾದರಿಯ ಹೆಡ್ಡು ತಯಾರಾಗುವುದು ನಿಂತು ವರ್ಷಗಳಾಗಿದ್ದವು. ನಿಯಮದ ಪ್ರಕಾರ ಬೇರೆ ಮಾದರಿಯ ಹೆಡ್ಡು ಹಾಕುವಂತಿರಲಿಲ್ಲ. ಎಂದರೆ ಇದು ಕೆಟ್ಟರೆ ಅವರ ಸ್ಪರ್ಧೆ ಅಲ್ಲಿಗೇ ಮುಗಿಯಿತು. ಇದು ನನಗೆ ಮೊದಲ ದಿನವೇ ಗೊತ್ತಿತ್ತು.

ನಮ್ಮ ಕಡೆ ಪೋರ್ಟಿಂಗ್ ಮಾಡುವವರಿಗೆ ಒಂದು ಪದ್ಧತಿ ಇದೆ. ಗುಜರಿಯಲ್ಲಿ ಅದೇ ಮಾದರಿಯ, ಬಿರುಕು ಬಿಟ್ಟು ಕೆಲಸಕ್ಕೆ ಬಾರದ ಹೆಡ್ಡು ಹುಡುಕಿ ತಂದು, ಕಲ್ಲಂಗಡಿ ಕೊಯ್ದ ಹಾಗೆ ಗರಗಸದಿಂದ ಕೊಯ್ದು, ಗೋಡೆ ಎಲ್ಲೆಲ್ಲಿ ಎಷ್ಟು ದಪ್ಪ ಇದೆ ಎಂದು ನೋಡಿಕೊಳ್ಳುವುದು. ನಾನೂ ಅದನ್ನೇ ಮಾಡಿದೆ. ಮಂಡ್ಯದ ಗುಜರಿಯಲ್ಲಿ ಒಂದು ಸಿಕ್ಕಿತು. ನಾಲ್ಕು ಸಿಲಿಂಡರಿಗೆ ಗಾಳಿ ಒಳಗೆ ಹೋಗುವ ಪೋರ್ಟು ನಾಲ್ಕು; ಅವುಗಳಲ್ಲಿ ಎರಡನೆಯದರ ನಡುವೆ ಕೊಯ್ದೆ. ತಿರುವಿನ ತಳದಲ್ಲಿ ಗೋಡೆ 4.6 ಮಿಲಿಮೀಟರ್ ಇತ್ತು. ಅಲ್ಲಿ 1.5 ಮಿಲಿಮೀಟರ್ ತೆಗೆಯಬಹುದು ಎಂದು ತೀರ್ಮಾನಿಸಿ, ಅದೇ ಅಳತೆಯನ್ನು ನಾಲ್ಕೂ ಪೋರ್ಟಿಗೆ ಬರೆದುಕೊಂಡೆ.

ತಪ್ಪು ಅಲ್ಲೇ ಆಯಿತು. ಎರಕ ಹೊಯ್ಯುವಾಗ ನೀರಿನ ದಾರಿಯ ಜಾಗದಲ್ಲಿ ಮರಳಿನ ಅಚ್ಚು ಇಟ್ಟಿರುತ್ತಾರೆ. ಆ ಅಚ್ಚು ಕೂದಲೆಳೆಯಷ್ಟು ವಾಲಿದರೂ ಒಂದು ಕಡೆ ಗೋಡೆ ದಪ್ಪ, ಇನ್ನೊಂದು ಕಡೆ ತೆಳು ಆಗುತ್ತದೆ. ಎರಡು ಹೆಡ್ಡು ಒಂದೇ ಸಮ ಇರುವುದಿಲ್ಲ, ಒಂದೇ ಹೆಡ್ಡಿನ ನಾಲ್ಕು ಪೋರ್ಟೂ ಒಂದೇ ಸಮ ಇರುವುದಿಲ್ಲ. ನನಗೆ ಇದು ಗೊತ್ತಿರಲಿಲ್ಲ ಎಂದು ಹೇಳಲಾರೆ. ಗೊತ್ತಿತ್ತು. ಅಷ್ಟು ವರ್ಷ ಏನೂ ಆಗಿರಲಿಲ್ಲ, ಅಷ್ಟೆ.

ಒಂದು, ಎರಡನೇ ಪೋರ್ಟು ಸಲೀಸಾಗಿ ಮುಗಿದವು. ಸೋಮವಾರ ಮೂರನೆಯದಕ್ಕೆ ಕೈ ಹಾಕಿದೆ. ತಿರುವಿನ ತಳ ಉಜ್ಜುತ್ತಿದ್ದಾಗ ಗ್ರೈಂಡರಿನ ಸದ್ದು ಬದಲಾಯಿತು. ದಪ್ಪ ಲೋಹ ಗುಂಯ್ ಎನ್ನುತ್ತದೆ. ಇದು ತೆಳು ತಗಡು ಕೆರೆದ ಹಾಗೆ ಕಿಣಿಗುಟ್ಟಿತು, ಎರಡು ಸೆಕೆಂಡ್ ಇರಬಹುದು. ನಿಲ್ಲಿಸಿದೆ. ಟಾರ್ಚ್ ಹಾಕಿ ನೋಡಿದೆ, ಕಿರುಬೆರಳು ಆಡಿಸಿದೆ. ಏನೂ ಕಾಣಲಿಲ್ಲ. ಅದರ ಮೇಲೆ ಉಜ್ಜುಕಾಗದ ಎಳೆದು ಹೊಳಪು ಮಾಡಿ ನಾಲ್ಕನೆಯದಕ್ಕೆ ಹೋದೆ. ಯಾರಿಗೂ ಹೇಳಲಿಲ್ಲ.

ಗುರುವಾರ ಮಧ್ಯಾಹ್ನ ಭಾಗ್ಯ ಬಂದರು. ನಾಲ್ಕೂ ಪೋರ್ಟು ಒಂದೇ ಗಾತ್ರ ಇವೆಯೇ ಎಂದು ತಾವೇ ಅಳೆದು ನೋಡುವುದಾಗಿ ಮೊದಲೇ ಹೇಳಿದ್ದರು. ಹಾಲಿನ ಪರೀಕ್ಷೆಗೆ ಬಳಸುವ 10.75 ಮಿಲಿಲೀಟರಿನ ಗಾಜಿನ ಪಿಪೆಟ್ ಒಂದನ್ನು ರಬ್ಬರ್ ಬುರುಡೆ ಸಮೇತ ತಂದಿದ್ದರು. ಹೆಡ್ಡನ್ನು ಮಗ್ಗುಲಿಗೆ ಮಲಗಿಸಿ, ಪೋರ್ಟಿನ ಒಳತುದಿಯನ್ನು ಮುಚ್ಚುವ ವಾಲ್ವನ್ನು ಗ್ರೀಸ್ ಹಚ್ಚಿ ಕೂರಿಸಿ, ಪೋರ್ಟಿನ ಬಾಯಿಗೆ ಸಣ್ಣ ತೂತಿರುವ ಗಾಜು ಅಂಟಿಸಿ, ಆ ತೂತಿನಿಂದ ಡೀಸೆಲ್ ತುಂಬಬೇಕು. ಗಾಜಿನಡಿ ಗುಳ್ಳೆ ಉಳಿಯದ ಹಾಗೆ ತುಂಬಲು ಎಷ್ಟು ಬೇಕೋ ಅದೇ ಪೋರ್ಟಿನ ಗಾತ್ರ.

ಮೊದಲ ಎರಡು ಪೋರ್ಟು ಹೆಚ್ಚು ಕಡಿಮೆ ಸಮ ಬಂದವು. ಮೂರನೆಯದನ್ನು ತುಂಬಿ, ಪುಸ್ತಕದಲ್ಲಿ ಬರೆದುಕೊಂಡು, ಅವರು ಮತ್ತೆ ಗಾಜಿನ ಕಡೆ ನೋಡಿದರು. ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತ್ತು. ನೋಡುತ್ತಿದ್ದ ಹಾಗೆ ಅದು ಅವರೆಕಾಳಿನಷ್ಟಾಯಿತು.

"ವಾಲ್ವ್ ಸರಿಯಾಗಿ ಕೂತಿಲ್ಲ ಬುಡಮ್ಮ," ಎಂದೆ.

ಅವರು ಎಲ್ಲವನ್ನೂ ಒರೆಸಿ, ಮತ್ತೆ ಗ್ರೀಸ್ ಹಚ್ಚಿ, ಮತ್ತೆ ತುಂಬಿದರು. ಮತ್ತೆ ಗುಳ್ಳೆ. ವಾಲ್ವಿನ ಕೆಳಗೆ ಬಿಳಿ ಕಾಗದ ಹಿಡಿದು ನೋಡಿದರು.

"ವಾಲ್ವ್ ತಾವ ಕಾಗ್ದ ಒಣಗೇ ಅದೆ ಮೂರ್ತಣ್ಣ. ಅಂಗಾರೆ ಡೀಸಲ್ ಎತ್ಲಾಗ್ ಓಯ್ತಾ ಅದೆ?"

ನಾನು ಹೆಡ್ಡಿನ ತಳದ ನೀರಿನ ತೂತಿಗೆ ಬೆರಳು ಹಾಕಿದೆ. ಬೆರಳು ಡೀಸೆಲ್ ಆಗಿ ಬಂತು. ಹೊಲಿಗೆ ಸೂಜಿಯ ಮೊನೆಯಷ್ಟು ತೂತು ಇರಬೇಕು. ಅಷ್ಟೇ ಸಾಕು. ಎಂಜಿನ್ ನಿಂತಾಗ ನೀರು ಒಳಗೆ ಇಳಿದು ಪಿಸ್ಟನ್ನಿನ ಮೇಲೆ ನಿಲ್ಲುತ್ತದೆ. ಶುರು ಮಾಡಿದ ಕೂಡಲೇ, ನೀರನ್ನು ಅದುಮಲಾಗದೆ, ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಲ್ಲವೇ ಓಡುತ್ತಾ ಓಡುತ್ತಾ ನೀರು ಮುಗಿದು, ತಿರುವಿನಲ್ಲಿ ಎಂಜಿನ್ ಹಿಡಿದುಕೊಂಡು ಕಾರು ಪಲ್ಟಿ ಹೊಡೆಯಬಹುದು. ಒಳಗೆ ಕೂತಿರುವವರು ಈ ಹೆಣ್ಣುಮಗಳು.

ಆಗ ಸದ್ದಿನ ವಿಷಯ ಹೇಳಿದೆ.

"ಯಾವತ್ತು ಕೇಳಿಸ್ತು?"

"ಸೋಮವಾರ."

"ಇವತ್ತು ಗುರುವಾರ ಕಣಣ್ಣ." ಅವರು ಪಿಪೆಟ್ಟನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. "ನಾನ್ ಅಳೀದೆ ಓಗಿದ್ರೆ, ಇಂಗೇ ಕಟ್ ಕೊಟ್ಬುಡ್ತಿದ್ರಾ?"

ಪ್ರಾಮಾಣಿಕ ಉತ್ತರ 'ಹೌದು' ಎಂಬುದಾಗಿತ್ತು. ಅದನ್ನೇ ಹೇಳಿದೆ. ಅವರು ಸ್ಕೂಟರಿನ ತನಕ ಹೋಗಿ ನಿಂತರು. ತಿರುಗಿ ಬಂದು, "ಸರಿ, ಈಗೇನ್ ಮಾಡದು ಯೋಳಿ," ಎಂದರು.

ಅಂಟು ಹಾಕಿ ಮುಚ್ಚುವವರಿದ್ದಾರೆ. ಆ ಅಂಟು ಎಷ್ಟು ದಿನ ನಿಲ್ಲುತ್ತದೆ ಎಂದು ಯಾರೂ ಹೇಳಲಾರರು. ಸರಿಯಾದ ದಾರಿ ಎಂದರೆ ಆರ್ಗನ್ ವೆಲ್ಡಿಂಗ್. ಮಂಡ್ಯದಲ್ಲಿ ನನ್ನ ಹಳೆಯ ಗೆಳೆಯ ಅನ್ವರ್ ಅಲ್ಯುಮಿನಿಯಂ ಬೆಸೆಯುವುದರಲ್ಲಿ ಪಳಗಿದವನು. ಮರುದಿನ ನಾವಿಬ್ಬರೂ ಹೆಡ್ಡು ತೆಗೆದುಕೊಂಡು ಹೋದೆವು. ಅವನು ಟಾರ್ಚ್ ಹಾಕಿ ಒಳಗೆ ನೋಡಿದ.

"ಏನ್ಲಾ ಮೂರ್ತಿ, ಬಾವಿ ತೋಡಕ್ ಓಗಿದ್ಯಾ? ನೀರ್ ಬಂದದೆ, ಸಂತೋಸ ಪಡು."

ಭಾಗ್ಯ ನಕ್ಕರು. ಹಿಂದಿನ ದಿನದಿಂದ ಅದೇ ಮೊದಲು.

ಪೋರ್ಟಿನ ಬಾಯಿಂದ ತೂತು ಮೂವತ್ತೆಂಟು ಮಿಲಿಮೀಟರ್ ಒಳಗಿತ್ತು. ಅಷ್ಟು ಒಳಗೆ ಬೆಸೆಯಬೇಕಾದರೆ ಇಡೀ ಹೆಡ್ಡು ಮೊದಲು ಸಮವಾಗಿ ಬಿಸಿಯಾಗಿರಬೇಕು. ಒಂದೇ ಕಡೆ ಕಾದರೆ ಬಿರುಕು ಬಿಡುತ್ತದೆ. ಅನ್ವರನ ಭಾವಮೈದುನನ ಬೇಕರಿ ಪಕ್ಕದ ಬೀದಿಯಲ್ಲಿತ್ತು. ಮಧ್ಯಾಹ್ನ ಬ್ರೆಡ್ಡು ಇಳಿಸಿದ ಮೇಲೆ ಒಲೆ ಖಾಲಿ. ಬೇಕರಿಯವರು ಬಾಗಿಲಲ್ಲೇ ಅಡ್ಡ ನಿಂತರು.

"ಭಾವ, ನಾಳೆ ಬನ್ನೆಲ್ಲ ಗ್ರೀಸ್ ವಾಸ್ನೆ ಒಡುದ್ರೆ ಗಿರಾಕಿಗ್ ಏನ್ ಯೋಳ್ಲಿ?"

"ಎಸ್ಪೆಸಲ್ ಬನ್ನು ಅನ್ನು, ತಿಂದೋರ್ ಬಿರ್ರನೆ ಓಡ್ತರೆ ಅನ್ನು," ಎಂದ ಅನ್ವರ್.

ಹೆಡ್ಡನ್ನು ಸೋಪಿನ ನೀರಿನಲ್ಲಿ ಮೂರು ಸಲ ಉಜ್ಜಿ ತೊಳೆದು, ಬೇಕರಿಯವರು ಮೂಸಿ ನೋಡಿ ಒಪ್ಪಿದ ಮೇಲೆಯೇ ಒಲೆಯಲ್ಲಿ ಇಟ್ಟೆವು. ಎರಡು ಗಂಟೆ ಕಾಯಿಸಿದೆವು. ಚರ್ಮದ ಕೈಗವಸು ಹಾಕಿಕೊಂಡು ಬೀದಿಯಲ್ಲಿ ಅದನ್ನು ಹೊತ್ತು ಓಡಿದೆವು. ಅನ್ವರ್ ಉಸಿರು ಬಿಗಿ ಹಿಡಿದು ಬೆಸೆದ. ಆಮೇಲೆ ಹೆಡ್ಡನ್ನು ಮತ್ತೆ ಆರುತ್ತಿದ್ದ ಒಲೆಯಲ್ಲೇ ಇಟ್ಟು, ಅದರ ಜೊತೆಗೇ ತಣ್ಣಗಾಗಲು ಬಿಟ್ಟೆವು.

ಮದ್ದೂರಿಗೆ ತಂದು ತಳವನ್ನು ಮತ್ತೆ ಮಟ್ಟ ಮಾಡಿದೆ. ಅಡುಗೆ ಭಟ್ಟರೊಬ್ಬರಿಂದ ಮದುವೆಯ ಅನ್ನದ ಕೊಪ್ಪರಿಗೆ ಕೇಳಿ ತಂದೆ. ನೀರಿನ ತೂತುಗಳನ್ನೆಲ್ಲ ರಬ್ಬರ್ ಇಟ್ಟು ಬಿಗಿದು, ಒಳಗೆ ಒತ್ತಡದ ಗಾಳಿ ತುಂಬಿ, ಬಿಸಿನೀರಿನಲ್ಲಿ ಮುಳುಗಿಸಿದೆ. ಗಾಳಿ ಸೋರಿದರೆ ಗುಳ್ಳೆ ಬರಬೇಕು. ಭಾಗ್ಯ ಕೊಪ್ಪರಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ನಲವತ್ತು ನಿಮಿಷ ಕಣ್ಣು ಕದಲಿಸದೆ ಕೂತರು. ಒಂದೂ ಬರಲಿಲ್ಲ. ಆಮೇಲೆ ಉಳಿದ ಮೂರು ಪೋರ್ಟುಗಳ ಗೋಡೆ ಎಷ್ಟು ಉಳಿದಿದೆ ಎಂದು ನೀರಿನ ತೂತಿನಿಂದ ಬಾಗಿದ ತಂತಿ ಇಳಿಸಿ ಒಂದೊಂದಾಗಿ ಅಳೆದೆ. ಮೊದಲೇ ಮಾಡಬೇಕಿದ್ದ ಕೆಲಸ. ಅವು ಸುರಕ್ಷಿತವಾಗಿದ್ದವು.

ಬೆಸೆದ ಜಾಗ ಉಬ್ಬಿದ್ದರಿಂದ ಮೂರನೇ ಪೋರ್ಟು ಉಳಿದವುಗಳಿಗಿಂತ ಇಕ್ಕಟ್ಟಾಗಿತ್ತು. ಅಲ್ಲಿ ಮತ್ತೆ ಉಜ್ಜಿದರೆ ಸ್ವಲ್ಪ ಶಕ್ತಿ ಹೆಚ್ಚುತ್ತಿತ್ತು. ಉಜ್ಜುವುದಿಲ್ಲ ಎಂದೆ. ಅವರೂ ಬೇಡ ಎಂದರು. ಎಂಜಿನ್ ಜೋಡಿಸಿದ ಮೇಲೆ ಭಾಗ್ಯ ಓಡಿಸಿದರು, ನಾನೇ ಪಕ್ಕದ ಸೀಟಿನಲ್ಲಿ ಕೂತು ಮುತ್ತತ್ತಿಗೆ ಹೋಗಿ ಬಂದೆ. ವಾಪಸ್ಸು ಬರುವ ಏರಿನಲ್ಲಿ ನಾನು ನೋಡುತ್ತಿದ್ದದ್ದು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನು ಮಾತ್ರ. ಅದು ಅರ್ಧಕ್ಕಿಂತ ಮೇಲೆ ಹೋಗಲಿಲ್ಲ.

"ಯಾಕಣ್ಣ ಬಾಗ್ಲು ಹಿಡ್ಕಂಡಿದ್ದೀರಿ? ಎಗರ್ ಬುಡೋ ಪ್ಲಾನಾ?" ಎಂದು ಅವರು ರೇಗಿಸಿದರು.

ಸ್ಪರ್ಧೆಯ ಭಾನುವಾರ ನಾನು ಹೋಗಲಿಲ್ಲ, ಧೈರ್ಯವಾಗಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಭಾಗ್ಯ ಅವರ ಫೋನ್ ಬಂತು. ನಾನು ಕೇಳುವ ಮೊದಲೇ ಹೇಳಿದರು:

"ಮೂರ್ ರೌಂಡೂ ಆಯ್ತು. ರೇಡಿಯೇಟರ್ ಮುಚ್ಚಳ ತಗ್ದು ನೋಡ್ದೆ, ನೀರು ಬಾಯ್ಮಟ್ಟ ಅದೆ. ಎರಡ್ನೇ ಪ್ರೈಜು ಕಣಣ್ಣ!"

ಫೋನ್ ಇಟ್ಟು ಶೆಡ್ಡಿನ ಮೆಟ್ಟಿಲ ಮೇಲೆ ಸುಮಾರು ಹೊತ್ತು ಕೂತಿದ್ದೆ.

ಅಂದಿನಿಂದ ಪ್ರತಿ ಪೋರ್ಟಿನ ಗೋಡೆಯನ್ನೂ ಬೇರೆ ಬೇರೆಯಾಗಿ ಅಳೆಯುತ್ತೇನೆ. ಅದು ಸಣ್ಣ ಪಾಠ. ದೊಡ್ಡದು ಬೇರೆ. ಕೆಲಸದಲ್ಲಿ ನನಗೆ ಅನುಮಾನ ಬಂದರೆ ಆ ಅನುಮಾನ ನನ್ನೊಬ್ಬನದಲ್ಲ; ಆ ಗಾಡಿಯಲ್ಲಿ ಕೂರುವವರದು. ಅದನ್ನು ಅವರಿಗೆ ಅಂದೇ ಮುಟ್ಟಿಸಬೇಕು, ಅವರು ಕೇಳುವ ತನಕ ಕಾಯಬಾರದು.

ಕಳೆದ ತಿಂಗಳು ಮಳವಳ್ಳಿಯ ಒಬ್ಬರ ಹೆಡ್ಡಿನಲ್ಲಿ ಒಂದು ಗೆರೆ ಕಂಡಿತು. ಬಿರುಕೋ, ಎರಕದ ಗುರುತೋ ಹೇಳಲಾಗದು. ಕೂಡಲೇ ಫೋನ್ ಮಾಡಿ, ನನಗೆ ಖಾತ್ರಿ ಇಲ್ಲ ಎಂದೆ. ಅವರು ಬಂದು, "ಖಾತ್ರಿ ಇಲ್ದೋನ್ ಕೈಲಿ ಯಾಕ್ ಮಾಡುಸ್ಲಿ?" ಎಂದು ಹೆಡ್ಡನ್ನು ಬೇರೆ ಕಡೆಗೆ ತೆಗೆದುಕೊಂಡು ಹೋಗಲು ಹೊರಟರು. ಗೆರೆ ಇದ್ದ ಜಾಗಕ್ಕೆ ಸೀಮೆಸುಣ್ಣದಿಂದ ಸುತ್ತು ಹಾಕಿ, ಚೀಲ ಕಟ್ಟಿಕೊಟ್ಟೆ. ಬೇಜಾರಾಗಲಿಲ್ಲ. ಒಳಗೆ ಹೋಗಿ ಕೈ ತೊಳೆದು ಊಟಕ್ಕೆ ಕೂತೆ.