ಡಬ್ಬಗಳ ಹಿಂದಿನ ಕಿಂಡಿ

ನಮ್ಮ ಮನೆಯ ಮುಂಬಾಗಿಲಿಗೆ ಎರಡು ಕದ. ಎಡಗಡೆಯದು ಹಸಿರು, ಬಲಗಡೆಯದು ಕಂದು. ಕಡಲ ದಂಡೆಯ ರಸ್ತೆಗೆ ಗಾಳಿ ಸೇವನೆಗೆಂದು ಬರುವವರು ಒಂದು ಗಳಿಗೆ ನಿಂತು ನೋಡಿ, ಇದೇನೋ ಹೊಸ ಫ್ಯಾಷನ್ ಇರಬೇಕು ಅಂದುಕೊಂಡು ಮುಂದೆ ಹೋಗುತ್ತಿದ್ದರು. ಫ್ಯಾಷನ್ನೂ ಇಲ್ಲ, ಮಣ್ಣೂ ಇಲ್ಲ. ಅಣ್ಣತಮ್ಮಂದಿರ ಹಟ. ತಾತ ತೀರಿಕೊಂಡ ವರ್ಷ ಬಾಗಿಲಿಗೆ ಬಣ್ಣ ಹೊಡೆಸಬೇಕಾಗಿ ಬಂತು. ತಾತ ಹೊಡೆಸುತ್ತಿದ್ದ ಹಸಿರೇ ಇರಲಿ ಎಂದರು ದೊಡ್ಡಪ್ಪ. ಉಪ್ಪುಗಾಳಿಗೆ ಹಸಿರು ನಿಲ್ಲುವುದಿಲ್ಲ, ಕಂದು ಹೊಡೆಸೋಣ ಎಂದರು ನಮ್ಮಪ್ಪ. ಮಾತಿಗೆ ಮಾತು ಬೆಳೆಯಿತು. ಬಣ್ಣದವನು ಮಧ್ಯಾಹ್ನದವರೆಗೂ ಕಾದು ಕಾದು, ಕೊನೆಗೆ ಒಂದೊಂದು ಕದಕ್ಕೆ ಒಂದೊಂದು ಬಣ್ಣ ಬಳಿದು ತನ್ನ ದಾರಿ ಹಿಡಿದ. ಬಣ್ಣ ಬರೀ ನೆಪ. ಈ ಮನೆಗೆ ಯಜಮಾನ ಯಾರು ಅನ್ನುವುದೇ ಅಸಲು ಜಗಳ. ತಿಂಗಳೊಳಗೆ ಹಜಾರದ ನಟ್ಟನಡುವೆ ಸೂರಿನವರೆಗೆ ಗೋಡೆ ಎದ್ದಿತು. ಬಾಗಿಲ ಮೇಲಿದ್ದ ಅರ್ಧಚಂದ್ರಾಕಾರದ ಬಣ್ಣದ ಗಾಜೂ ಎರಡು ಪಾಲಾಯಿತು.

ಆ ಇಬ್ಬರು ಮಹಾನುಭಾವರ ಕಥೆ ನನಗೆ ಬೇಕಿಲ್ಲ. ನಾನು ಹೇಳಬೇಕಾಗಿರುವುದು ದೊಡ್ಡಮ್ಮನ ಕಥೆ.

ದೊಡ್ಡಮ್ಮ ಪರದೆ ಹೊಲಿಯುತ್ತಿದ್ದಳು. ದಂಡೆಯ ಉದ್ದಕ್ಕೂ ಇರುವ ಹೋಟೆಲುಗಳ ಕಿಟಕಿ ಪರದೆ. ಕಡಲಿಗೆ ಮುಖ ಮಾಡಿದ ಕಿಟಕಿಯ ಬಟ್ಟೆ ಬಹಳ ಕಾಲ ಬಾಳುವುದಿಲ್ಲ. ಬಿಸಿಲಿಗೆ ಬಣ್ಣ ಹೋಗುತ್ತದೆ, ಉಪ್ಪಿಗೆ ನೂಲು ಪಿಸಿಯುತ್ತದೆ. ಹಾಗಾಗಿ ಅವಳಿಗೆ ಕೆಲಸವಿಲ್ಲ ಅನ್ನುವ ಮಾತೇ ಇರಲಿಲ್ಲ. ಅಡುಗೆಮನೆಯ ಕಿಟಕಿಯ ಹತ್ತಿರ ಮೆಷಿನ್ನು, ಬಲಗೈ ನಡುಬೆರಳಿಗೆ ಸೂಜಿ ಚುಚ್ಚದಂತೆ ಸದಾ ಒಂದು ತಗಡಿನ ಟೊಪ್ಪಿಗೆ. ಅವಳ ಪರದೆಯ ಅಂಚು ಊರಿಗೇ ಹೆಸರುವಾಸಿ. ಮೆಷಿನ್ನಲ್ಲಿ ಹೊಡೆದದ್ದಲ್ಲ, ಕೈಹೊಲಿಗೆ. ಬೆಳಕಿಗೆ ಹಿಡಿದರೂ ದಾರ ಕಾಣುತ್ತಿರಲಿಲ್ಲ. ಬಂದವರಿಗೆಲ್ಲ ಅಂಚು ತಿರುಗಿಸಿ ತೋರಿಸಿ "ನಮ್ಮವಳ ಕೈಕೆಲಸ ನೋಡಿ" ಎಂದು ದೊಡ್ಡಪ್ಪ ಬೀಗುತ್ತಿದ್ದರು. ಗೋಡೆಯ ಈ ಕಡೆ ನಮ್ಮಪ್ಪ "ಅಂಚಂತೆ ಅಂಚು! ಎಲ್ಲಾ ಸೊಟ್ಟ ಸೊಟ್ಟ" ಎಂದು ಮೂಗು ಮುರಿಯುತ್ತಿದ್ದರು.

ಇಬ್ಬರಿಗೂ ಗೊತ್ತಿಲ್ಲದ ಸಂಗತಿ ಒಂದಿತ್ತು. ಆ ಅಂಚು ಹೊಲಿಯುತ್ತಿದ್ದವಳು ನಮ್ಮಮ್ಮ.

ಅದು ಹೇಗೆ ಅಂತ ಹೇಳುತ್ತೇನೆ. ಹಳೇ ಕಾಲದ ಮನೆ ನೋಡಿ, ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಒಂದು ಕಿಂಡಿ ಇತ್ತು. ಅಡುಗೆ ಮಾಡುವವರು ಪಾತ್ರೆಯನ್ನು ಅಲ್ಲಿಂದಲೇ ಆಚೆ ದಾಟಿಸಬೇಕು, ಸುತ್ತಿ ಬರುವ ತಾಪತ್ರಯವಿಲ್ಲ. ಎರಡು ಕಡೆಗೂ ಪುಟ್ಟ ಪುಟ್ಟ ಕದ. ಮನೆ ಪಾಲಾದಾಗ ಅಡುಗೆಮನೆ ದೊಡ್ಡಪ್ಪನಿಗೆ ಹೋಯಿತು. ಊಟದ ಕೋಣೆ ನಮಗೆ ಬಂತು, ಅಮ್ಮ ಅಲ್ಲೇ ಒಲೆ ಹೂಡಿದಳು. ಕಿಂಡಿಯ ಎರಡೂ ಬದಿಗೆ ಗಂಡಸರು ಚಿಲಕ ಜಡಿಸಿದರು. ಹೆಂಗಸರು ಎರಡೂ ಬದಿಗೆ ಅದರ ಮುಂದೆ ಡಬ್ಬ ಜೋಡಿಸಿದರು. ಗಂಡಸರ ಮಟ್ಟಿಗೆ ಅಲ್ಲಿಗೆ ಕಿಂಡಿಯ ಕಥೆ ಮುಗಿಯಿತು. ಸಕ್ಕರೆ ಡಬ್ಬದ ಹಿಂದೆ ಏನಿದೆ ಅಂತ ನೋಡುವ ಗಂಡಸನ್ನು ನಾನಂತೂ ಇನ್ನೂ ಕಂಡಿಲ್ಲ.

ಮಾರನೇ ದಿನವೇ ಟೊಪ್ಪಿಗೆ ಹಾಕಿದ ಬೆರಳಿನಿಂದ ದೊಡ್ಡಮ್ಮ ಟಕ್ ಟಕ್ ಅಂತ ಎರಡು ಸಲ ತಟ್ಟಿದಳಂತೆ. ಅಮ್ಮ ಆಗ ಹೊಸ ಮದುವಣಗಿತ್ತಿ. ಗೋಡೆ ಎದ್ದ ಗಳಿಗೆಯಿಂದ ಒಬ್ಬಳೇ ಕೂತು ಅಳುತ್ತಿದ್ದಳು. ಡಬ್ಬ ಸರಿಸಿ ಚಿಲಕ ತೆಗೆದರೆ ಆ ಕಡೆಯಿಂದ ಒಂದು ಲೋಟ ಚಹಾ ಬಂತು. "ಕುಡಿಯೇ ಹುಡುಗಿ. ಅವರು ಜಗಳ ಆಡ್ಕೊಳ್ಲಿ. ನಮಗೇನು ಬಂದಿದೆ ದೊಡ್ಡ ರೋಗ?"

ಅಂದಿನಿಂದ ಅಮ್ಮನಿಗೆ ಐವತ್ತು ದಾಟಿದರೂ ಅವಳು 'ಹುಡುಗಿ'ಯೇ. ಚಹಾ, ಸುದ್ದಿ, ಗುಳಿಗೆ, ನಗು, ಅರ್ಧ ಹೊಲಿದ ಪರದೆ, ಎಲ್ಲದಕ್ಕೂ ಅದೇ ದಾರಿ. ದೊಡ್ಡಮ್ಮನಿಗೆ ಮಕ್ಕಳಾಗಲಿಲ್ಲ. ನನ್ನನ್ನು ಅರ್ಧಕ್ಕರ್ಧ ಬೆಳೆಸಿದ್ದು ಆ ಕಿಂಡಿಯಿಂದಲೇ. ಚಿಕ್ಕವಳಿದ್ದಾಗ ಸಕ್ಕರೆ ಕದಿಯಲು ಹೋಗಿ, ಡಬ್ಬದ ಹಿಂದಿನಿಂದ ಒಂದು ಕೈ ಬಂದು ನನ್ನ ಕೆನ್ನೆ ಹಿಂಡಿದಾಗ ಮನೆ ಹಾರಿಹೋಗುವ ಹಾಗೆ ಕಿರುಚಿದ್ದೆ. ಆಮೇಲೆ ನಾನೂ ಗುಟ್ಟಿನೊಳಗಿನವಳಾದೆ.

ಗಂಡಸರ ಕಣ್ಣಿಗೆ ಮಾತ್ರ ಈ ವಾರಗಿತ್ತಿಯರು ಹಾವು ಮುಂಗುಸಿ. ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಇಬ್ಬರ ಕೂಗಾಟ ರಸ್ತೆಗೆ ಕೇಳುತ್ತಿತ್ತು. ಬೈಯುವುದರಲ್ಲಿ ದೊಡ್ಡಮ್ಮನನ್ನು ಮೀರಿಸುವವರಿಲ್ಲ. "ಮಸಿ ಬಟ್ಟೆಗೂ ನಿನ್ನ ಸೀರೆಗೂ ಏನೇ ವ್ಯತ್ಯಾಸ?" ಎಂದು ಸೊಂಟಕ್ಕೆ ಕೈಕೊಟ್ಟು ನಿಂತರೆ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡುತ್ತಿದ್ದಳು. ಅಳುತ್ತಿದ್ದಾಳೆಂದು ಅಪ್ಪ ಹಲ್ಲು ಕಡಿಯುತ್ತಿದ್ದರು. ಅವಳು ಓಡುತ್ತಿದ್ದುದು ನಗು ತಡೆಯಲಾರದೆ. ಆಮೇಲೆ ಕಿಂಡಿಯಲ್ಲಿ, "ಇವತ್ತು ಸ್ವಲ್ಪ ಜಾಸ್ತಿ ಆಯ್ತು ಅಕ್ಕಾ" ಅಂದರೆ, "ನಾಳೆ ನೀನು ತೀರಿಸ್ಕೋ" ಅನ್ನುತ್ತಿದ್ದಳು.

ಸಿಕ್ಕಿಬೀಳದಿದ್ದದ್ದು ಹೇಗೆ? ಮುಂಬಾಗಿಲ ಪುಣ್ಯ. ಹಸಿರು ಕದ, ಕಂದು ಕದ, ಎರಡರದ್ದೂ ಒಂದೇ ರಾಗ. ಕಿರ್‍ರ್ ಎಂದು ಕಿರುಚಿಕೊಂಡರೆ ಪಕ್ಕದ ಬೀದಿಯ ನಾಯಿಯೂ ತಲೆ ಎತ್ತುತ್ತಿತ್ತು. ದೊಡ್ಡಪ್ಪ ಎಣ್ಣೆ ಹಾಕಲು ಹೋದಾಗಲೆಲ್ಲ ದೊಡ್ಡಮ್ಮ "ಬೇಡ ರೀ, ಕಳ್ಳರು ಬಂದ್ರೆ ಗೊತ್ತಾಗುತ್ತೆ" ಎಂದು ತಡೆಯುತ್ತಿದ್ದಳು.

ಹೀಗೇ ಮೂವತ್ತು ವರ್ಷ ಕಳೆಯಿತು. ಬಂದರಿನ ಗೋದಾಮಿನ ಲೆಕ್ಕಪತ್ರದಿಂದ ದೊಡ್ಡಪ್ಪ ನಿವೃತ್ತರಾದರು, ಹಡಗಿನ ವಿದ್ಯುತ್ ಕೆಲಸದಿಂದ ಅಪ್ಪ. ಒಳಗಿನ ಮರದ ಮೆಟ್ಟಿಲು ದೊಡ್ಡಪ್ಪನ ಪಾಲಿಗೆ ಹೋಗಿದ್ದರಿಂದ ಅಪ್ಪ ಹೊರಗಡೆ ಹಾಕಿಸಿಕೊಂಡಿದ್ದ ಕಬ್ಬಿಣದ ಮೆಟ್ಟಿಲನ್ನು ಉಪ್ಪು ತಿಂದುಹಾಕಿತ್ತು. ಮಾಡು ಸೋರುತ್ತಿತ್ತು. ಅರ್ಧ ಮಾಡು ರಿಪೇರಿ ಮಾಡುವ ಕೆಲಸಗಾರ ಯಾವ ಲೋಕದಲ್ಲಿದ್ದಾನೆ? ಮಾರುವುದೊಂದೇ ದಾರಿ ಎಂಬ ಮಾತಿಗೆ, ಮಧ್ಯವರ್ತಿಯ ಮೂಲಕ, ಅಣ್ಣತಮ್ಮಂದಿರು ಮೊದಲ ಬಾರಿ ಒಪ್ಪಿದರು. ಅಂಥ ಹಳೇ ಮನೆಯೇ ಬೇಕೆಂದು ಹುಡುಕುತ್ತಿದ್ದ ಒಬ್ಬ ಹಲ್ಲಿನ ಡಾಕ್ಟರಮ್ಮ ಸಿಕ್ಕಿದರು. ಕೆಳಗೆ ಕ್ಲಿನಿಕ್, ಮೇಲೆ ವಾಸ ಎಂದು ಅವರ ಲೆಕ್ಕ. ಬೆಲೆಯೂ ಕುದುರಿತು.

ಆಗ ಬಂತು ನೋಡಿ ಸಂಕಟ. ದೊಡ್ಡಪ್ಪ ಊರಿನ ಉತ್ತರದ ತುದಿಯಲ್ಲಿ, ನೀರಿನ ಟ್ಯಾಂಕಿನ ಗುಡ್ಡದ ಹತ್ತಿರ ಒಂದು ಫ್ಲ್ಯಾಟು ನೋಡಿ ಬಂದರು. ಅಪ್ಪ ದಕ್ಷಿಣದ ತುದಿಯಲ್ಲಿ, ದೀಪಸ್ತಂಭದ ಆಚೆ. ಎರಡಕ್ಕೂ ನಡುವೆ ಇಡೀ ಊರು. ಬೇಕೆಂದೇ ಹಾಗೆ ಮಾಡಿದ್ದು, ಅದೂ ಹೆಂಡತಿಯರ ಮೇಲಿನ ಪ್ರೀತಿಗೆ! "ಇಷ್ಟು ವರ್ಷ ನೀನು ಅವಳ ಬಾಯಿ ಸಹಿಸ್ಕೊಂಡೆ. ಇನ್ನಾದ್ರೂ ನೆಮ್ಮದಿಯಾಗಿರು" ಎಂದರು ಅಪ್ಪ. ಆ ಕಡೆ ದೊಡ್ಡಪ್ಪನೂ ಹೆಚ್ಚುಕಡಿಮೆ ಇದೇ ಮಾತು ಹೇಳಿದರಂತೆ. ಕೇಳಿ ದೊಡ್ಡಮ್ಮನ ಕಣ್ಣು ತುಂಬಿ ಬಂತು. ಸಂತೋಷಕ್ಕೆ ಎಂದುಕೊಂಡು ಪಾಪ, ಅವರೂ ಕಣ್ಣೊರೆಸಿಕೊಂಡರು. ತಲೆ ಎಲ್ಲಿ ಚಚ್ಚಿಕೊಳ್ಳಲಿ ನಾನು?

"ನಿಜ ಹೇಳಿಬಿಡಿ ದೊಡ್ಡಮ್ಮ" ಎಂದೆ.

"ಏನಂತ ಹೇಳ್ಲಿ? ಮೂವತ್ತು ವರ್ಷ ನಿಮ್ಮ ಕಣ್ಣಿಗೆ ಮಣ್ಣೆರಚಿದೀನಿ ಅಂತಲಾ? ಅವರಿಗೆ ತಮ್ಮ ಇದ್ದೂ ಇಲ್ಲ, ಮಕ್ಕಳಿಲ್ಲ. ಹೆಂಡತಿ ಒಬ್ಬಳು ತನ್ನ ಕಡೆ ಇದಾಳೆ ಅಂತ ಎದೆ ಎತ್ಕೊಂಡು ಓಡಾಡ್ತಾರೆ ಕಣೇ. ಅದನ್ನೂ ಕಿತ್ಕೊಳ್ಳಲಾ?"

ಕಿಂಡಿಯ ಈ ಕಡೆಯಿಂದ ಅಮ್ಮ, "ಹೇಳೋದು ಬೇಡ ಅಕ್ಕಾ. ಫೋನ್ ಇದೆಯಲ್ಲ" ಎಂದಳು. ಆ ವಾರ ಹಿತ್ತಲಲ್ಲಿ ಜಗಳವಾಗಲಿಲ್ಲ. ಇಬ್ಬರಿಗೂ ಅದಕ್ಕೆ ಚೈತನ್ಯವಿರಲಿಲ್ಲ.

ಡಾಕ್ಟರಮ್ಮ ಮಧ್ಯವರ್ತಿಯ ಜೊತೆ ಮನೆಯನ್ನು ಕೊನೆಯ ಸಲ ನೋಡಲು ಬಂದ ದಿನ, ಸಂಜೆಗೆ ದೊಡ್ಡಪ್ಪ ಗುಡ್ಡದ ಫ್ಲ್ಯಾಟಿಗೆ ಮುಂಗಡ ಕಟ್ಟುವವರಿದ್ದರು. ನಾನು ದೊಡ್ಡಪ್ಪನ ಪಾಲಿನಲ್ಲಿದ್ದೆ. ಜಗಳದಿಂದ ನನಗೊಬ್ಬಳಿಗೆ ರಿಯಾಯಿತಿ. ಡಾಕ್ಟರಮ್ಮ ಮೇಲಿನ ತೊಲೆ, ಕೆಳಗಿನ ಕಲ್ಲು ಎಲ್ಲ ಮುಟ್ಟಿ ಮುಟ್ಟಿ ನೋಡಿ ಅಡುಗೆಮನೆಗೆ ಬಂದರು.

"ಇಂಥ ಮನೆಗಳಲ್ಲಿ ಊಟದ ಕೋಣೆಗೆ ಒಂದು ಕಿಂಡಿ ಇರ್ತಿತ್ತು. ಇಲ್ಲಿಲ್ವಾ?"

"ಇತ್ತು. ಮುಚ್ಚಿಹೋಯ್ತು" ಎಂದರು ದೊಡ್ಡಪ್ಪ. "ಈ ಗಾಳಿಗೆ ಕೀಲು ತುಕ್ಕು ಹಿಡಿದು ಕಲ್ಲಾಗಿರುತ್ತೆ. ಅದೂ ಒಳ್ಳೇದೇ ಆಯ್ತು ಅನ್ನಿ. ನಮ್ಮವಳಿಗೂ ಆ ಕಡೆಯವಳಿಗೂ ಮುಖ ಕಂಡ್ರಾಗಲ್ಲ. ಅದಕ್ಕೇ ಗುಡ್ಡದ ಹತ್ರ ಮನೆ ತಗೊಳ್ತಿದೀನಿ. ನನಗಾಗಿ ತುಂಬಾ ಅನುಭವಿಸಿದಾಳೆ ಇವಳು."

"ನೀವು ಪುಣ್ಯ ಮಾಡಿದ್ರಿ" ಎಂದು ಡಾಕ್ಟರಮ್ಮ ದೊಡ್ಡಮ್ಮನ ಕಡೆ ನಕ್ಕರು.

ದೊಡ್ಡಮ್ಮ ನಗಲಿಲ್ಲ. "ಇರಿ" ಎಂದಳು. ಮೊದಲು ಸಕ್ಕರೆ ಡಬ್ಬ ಕೆಳಗಿಟ್ಟಳು. ಆಮೇಲೆ ಚಹಾಪುಡಿ, ಉಪ್ಪು, ಗುಂಡಿಗಳ ಡಬ್ಬ. "ಏನೇ ಮಾಡ್ತಿದೀಯ?" ಎಂದರು ದೊಡ್ಡಪ್ಪ. ಅವಳು ಚಿಲಕ ಎಳೆದು ಈಚೆಯ ಕದ ತೆರೆದು, ಆಚೆಯ ಕದಕ್ಕೆ ಬೆರಳಿನಿಂದ ಟಕ್ ಟಕ್ ಎಂದು ತಟ್ಟಿದಳು.

ಕದ ತೆರೆಯಿತು. ಒಂದಿಷ್ಟೂ ಸದ್ದಿಲ್ಲದೆ ತೆರೆಯಿತು. ಮೊದಲು ಅಂಚು ಮಡಚಿದ ನೀಲಿ ಪರದೆ ಈಚೆ ಬಂತು, ಅದರ ಹಿಂದೆ ಅಮ್ಮನ ಮುಖ. "ಹೋದ್ರಾ ಅಕ್ಕಾ ಅವ್ರು? ಬೇಗ ಹೇಳಿ, ನಮ್ಮವರು ಬಾಗಿಲಲ್ಲಿ ಕಂಬದ ಹಾಗೆ..." ಅಷ್ಟರಲ್ಲಿ ಎಲ್ಲರನ್ನೂ ನೋಡಿದಳು. ಸದ್ದು ಕೇಳಿ ಅಪ್ಪನೂ ಅವಳ ಬೆನ್ನ ಹಿಂದೆ ಬಂದು ನಿಂತರು.

ಗೇಟಿನಲ್ಲಿ ಎದುರಾದರೆ ಅಣ್ಣ ಆಕಾಶ ನೋಡುತ್ತಿದ್ದರು, ತಮ್ಮ ನೆಲ ನೋಡುತ್ತಿದ್ದರು. ಈಗ ಆ ಕಿಂಡಿಯಲ್ಲಿ ನೋಡಲು ಬೇರೆ ಜಾಗವೇ ಇರಲಿಲ್ಲ. ಇಬ್ಬರೂ ಕಕ್ಕಾಬಿಕ್ಕಿ. ದೊಡ್ಡಪ್ಪ ಕೀಲು ಮುಟ್ಟಿ ನೋಡಿ ಬೆರಳಿಗೆ ಹತ್ತಿದ ಎಣ್ಣೆಯನ್ನೇ ದಿಟ್ಟಿಸಿದರು.

"ಎಷ್ಟು ವರ್ಷದಿಂದ?"

"ಗೋಡೆ ಎದ್ದ ಮಾರನೇ ದಿನದಿಂದ" ಎಂದಳು ದೊಡ್ಡಮ್ಮ. "ಬೈದಿದ್ದೆಲ್ಲ ಸುಳ್ಳು ರೀ. ನೀವು ಮೆಚ್ಕೊಳ್ತಿದ್ದ ಅಂಚು ಇವಳದ್ದು. ಮೈದುನರೇ, ಸೊಟ್ಟ ಸೊಟ್ಟ ಅಂತಿದ್ರಲ್ಲ, ಅದು ನಿಮ್ಮ ಹೆಂಡತಿ ಹೊಲಿಗೆ. ಮನೆ ಮಾರಿ, ನಾನೇನೂ ಬೇಡ ಅನ್ನಲ್ಲ. ಆದ್ರೆ ಇವಳನ್ನ ಬಿಟ್ಟು ನನಗೆ ದಿನ ಹೋಗಲ್ಲ. ನಾನು ಗುಡ್ಡಕ್ಕೆ ಬರಲ್ಲ."

ಡಾಕ್ಟರಮ್ಮನೇ ಬುದ್ಧಿವಂತೆ. "ನನಗೆ ಮನೆ ಬೇಕು, ಈ ಕಿಂಡಿ ಸಮೇತ. ಮಿಕ್ಕಿದ್ದು ನಾಳೆ ಮಾತಾಡೋಣ" ಎಂದು ಮಧ್ಯವರ್ತಿಯನ್ನು ಕರೆದುಕೊಂಡು ಹೊರಟುಹೋದರು.

ಸಂಜೆ ದೊಡ್ಡಪ್ಪ ಮುಂಗಡ ಕಟ್ಟಲು ಹೋಗಲಿಲ್ಲ. ಊಟಕ್ಕೂ ಏಳಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತೇ ಇದ್ದರು. ಈ ಕಡೆ ಅಪ್ಪ ಪೇಪರ್ ಹಿಡಿದು ಓದುವ ನಾಟಕ ಮಾಡುತ್ತಿದ್ದರು. ಕಿಂಡಿ ಮುಚ್ಚುವ ಧೈರ್ಯ ಯಾರಿಗೂ ಬಂದಿರಲಿಲ್ಲ, ಹಾಗಾಗಿ ಆ ಕಡೆಯ ಮಾತೆಲ್ಲ ನಮಗೆ ಕೇಳಿಸಿತು.

"ನೀನು ನನ್ನ ಕಡೆ ಅಂದ್ಕೊಂಡಿದ್ದೆ" ಎಂದರು ದೊಡ್ಡಪ್ಪ.

"ನಿಮ್ಮ ಕಡೇನೇ ರೀ. ಅವಳ ಕಡೇನೂ."

ದೊಡ್ಡಪ್ಪ ಸ್ಟೂಲು ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ, "ಆ ಕೀಲಿಗೆ ಎಣ್ಣೆ ಹಾಕ್ತಿದ್ದೋರು ಯಾರು?"

"ನಾನೇ. ಮೆಷಿನ್ ಎಣ್ಣೆ."

"ಮುಂಬಾಗಿಲು ಅಷ್ಟು ಕಿರುಚ್ಕೊಳ್ತಿತ್ತಲ್ಲೇ. ಅದಕ್ಕೂ ಒಂದು ತೊಟ್ಟು ಹಾಕ್ಬೇಕು ಅನ್ನಿಸ್ಲಿಲ್ವಾ ನಿನಗೆ?"

ದೊಡ್ಡಮ್ಮ ಮೆಲ್ಲಗೆ ಹೇಳಿದಳು. "ಅದು ಕಿರುಚಿದ್ರೆ ತಾನೇ ರೀ, ನೀವು ಬಂದ್ರಿ ಅಂತ ನಮಗೆ ಗೊತ್ತಾಗ್ತಿದ್ದಿದ್ದು?"

ಮೊದಲು ನಕ್ಕವರು ನಮ್ಮಪ್ಪ. ಪೇಪರಿನ ಹಿಂದಿನಿಂದ ಫಕ್ಕನೆ ಬಂತು ನಗು, ತಡೆಯಲು ಹೋಗಿ ಕೆಮ್ಮಿದರು.

"ಯಾರೋ ಅದು ನಗೋದು?" ಆ ಕಡೆಯಿಂದ ದೊಡ್ಡಪ್ಪ ಗುಡುಗಿದರು. "ನಿಮ್ಮನೆ ಬಾಗಿಲೇನು ಸುಮ್ನಿತ್ತಾ?"

"ಇಲ್ಲ ಕಣಣ್ಣ" ಎಂದರು ಅಪ್ಪ. ಮೂವತ್ತು ವರ್ಷದಲ್ಲಿ ಅಣ್ಣನಿಗೆ ಆಡಿದ ಮೊದಲ ಮಾತು ಅದು.

ಅಪ್ಪಿಕೊಂಡು ಅತ್ತರು ಎಂದೆಲ್ಲ ಅಂದುಕೊಳ್ಳಬೇಡಿ. ಈಗಲೂ ಅವರ ಮಾತು 'ಹೂಂ', 'ಊಹೂಂ' ದಾಟುವುದು ಅಪರೂಪ. ಆದರೆ ಗುಡ್ಡದ ಫ್ಲ್ಯಾಟೂ ಹೋಯಿತು, ದೀಪಸ್ತಂಭದ ಫ್ಲ್ಯಾಟೂ ಹೋಯಿತು. ಮಾರುಕಟ್ಟೆಯ ಹಿಂದೆ ಒಂದೇ ಕಟ್ಟಡದಲ್ಲಿ ಎದುರು ಬದುರು ಬಾಗಿಲಿನ ಎರಡು ಮನೆ ಸಿಕ್ಕವು. ಅಲ್ಲಿ ಬಾಗಿಲಿಗೆ ಯಾವ ಬಣ್ಣ ಅಂತ ಯಾರೂ ಕೇಳುವುದಿಲ್ಲ, ನಮ್ಮ ಪುಣ್ಯ.

ಹಳೇ ಮನೆ ಬಿಡುವ ದಿನ ಸಾಮಾನೆಲ್ಲ ಲಾರಿಗೆ ಏರಿತ್ತು. ದೊಡ್ಡಮ್ಮ ಕಾಣಲಿಲ್ಲವೆಂದು ನಾನೂ ಅಮ್ಮನೂ ಒಳಗೆ ಹೋದೆವು. ಖಾಲಿ ಅಡುಗೆಮನೆಯಲ್ಲಿ ಮುಚ್ಚಿದ ಕಿಂಡಿಯ ಮುಂದೆ ನಮಗೆ ಬೆನ್ನು ಹಾಕಿ ನಿಂತಿದ್ದಳು. ಡಬ್ಬ ಇದ್ದಲ್ಲಿ ಗೋಡೆಯ ಮೇಲೆ ದುಂಡು ದುಂಡು ಗುರುತು. ಬೆರಳೆತ್ತಿ ಟಕ್ ಟಕ್ ಎಂದು ತಟ್ಟಿ, ಕಿವಿಗೊಟ್ಟು ಕಾಯುತ್ತ ನಿಂತಳು. ಅಭ್ಯಾಸಬಲ.

ಅಮ್ಮ ಹಿಂದಿನಿಂದ ಹೋಗಿ ಅವಳ ಭುಜ ಮುಟ್ಟಿದಳು.

"ಇಲ್ಲೇ ಇದೀನಲ್ಲ ಅಕ್ಕಾ. ಬನ್ನಿ, ಲಾರಿಯವನು ಕಾಯ್ತಿದಾನೆ."